ಹೆಬ್ಬಾತಿಗೆ ನೀರು ಕೇಳಲು ಕ್ಯಾಲೆಂಡರ್ ಹಿಡಿದು ಹೋದೆ

ನಮ್ಮೂರ ಕೆರೆ ತೂಬಿನ ಕೆಂಪು ಗುರುತಿಗಿಂತ ನೀರು ಕೆಳಗಿಳಿದರೆ ಹೋಳಿ ಹುಣ್ಣಿಮೆವರೆಗೆ ಯಾರೂ ಪಂಪ್ ಹಚ್ಚುವಂತಿಲ್ಲ. ವಲಸೆ ಬರುವ ಹೆಬ್ಬಾತುಗಳಿಗೆ ನೀರು ಉಳಿಯಲಿ ಅಂತ ನಾನು ಓಡಾಡಿ ಮಾಡಿಸಿದ, ನಮ್ಮ ಗ್ರಾಮಸಭೆಯ ಠರಾವು ಇದು. "ಬಾತಿಗೆ ನೀರು ಕೇಳಿದ್ರ ಯಾರ್ ಕೊಡ್ತಾರ್ರೀ" ಅಂತ ನಕ್ಕಿದ್ದ ಗೆಳೆಯರು ದಯವಿಟ್ಟು ಪೂರ್ತಿ ಓದಿ.

ನಮ್ಮದು ಗದಗ ಜಿಲ್ಲೆ. ಮಾಗಡಿ ಕೆರೆ ನಿಮಗೆಲ್ಲ ಗೊತ್ತು, 2024ರಲ್ಲಿ ರಾಮ್ಸರ್ ಪಟ್ಟಿಗೂ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ಮಂಗೋಲಿಯಾ ಕಡೆಯಿಂದ ಚಳಿಗಾಲಕ್ಕೆ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳಲ್ಲಿ ಒಂದಷ್ಟು ನಮ್ಮೂರ ಸಣ್ಣ ಕೆರೆಗೂ ಇಳಿಯುತ್ತವೆ. ಇಲ್ಲಿ ಬೋರ್ಡಿಲ್ಲ, ಕಾವಲುಗಾರನೂ ಇಲ್ಲ. ಹಿಂಗಾರಿ ಮಳೆ ಕೈಕೊಟ್ಟರೆ ಸಂಕ್ರಾಂತಿಗೇ ತಳ ಬಿರಿಯುತ್ತದೆ, ಹಕ್ಕಿಗಳು ಅರ್ಧಕ್ಕೇ ಎದ್ದು ಹೋಗುತ್ತವೆ.

ಮೊದಲು ಶಾಸಕರಿಗೆ ಹನ್ನೊಂದು ಪುಟದ ಮನವಿ ಕೊಟ್ಟೆ. ಹವಾಮಾನ ಬದಲಾವಣೆ, ವಲಸೆ ದಾರಿ, ಮಂಗೋಲಿಯಾ, ಎಲ್ಲಾ ಇತ್ತು. ಆಪ್ತ ಸಹಾಯಕರು ಅದರ ಮೇಲೆ ಚಹಾದ ಲೋಟ ಇಟ್ಟರು. ಆಮೇಲೆ ತಹಶೀಲ್ದಾರ್ ಕಚೇರಿ ಮುಂದೆ ಧರಣಿ. ಬಂದವರು ಏಳು ಜನ, ಪೆಂಡಾಲ್ ಮೈಕ್ ಸೇರಿ ಖರ್ಚು ನಾಲ್ಕೂವರೆ ಸಾವಿರ. ಆನ್‌ಲೈನ್ ಸಹಿ ಸಂಗ್ರಹಕ್ಕೆ ಎರಡು ಸಾವಿರದ ಹತ್ತಿರ ಸಹಿ ಬಿತ್ತು. ಹಿಗ್ಗಿನಿಂದ ಪ್ರಿಂಟ್ ಹಾಕಿಸಿ ಒಯ್ದರೆ ಶಾಸಕರು ಕೇಳಿದ್ದು ಒಂದೇ ಮಾತು: "ಇವ್ರೆಲ್ಲಾ ಓಟ್ ಎಲ್ಲಿ ಹಾಕ್ತಾರ್ರೀ?" ನಮ್ಮ ಹೋಬಳಿಯವರು ಹದಿನಾಲ್ಕೋ ಹದಿನೈದೋ. ಬೈದುಕೊಂಡು ಬಂದೆ. ಆದರೆ ಅವರು ಕೇಳಿದ್ದರಲ್ಲಿ ತಪ್ಪೇನಿತ್ತು?

2023ರ ಬರದಲ್ಲಿ (ರಾಜ್ಯದ 223 ತಾಲೂಕು ಬರಪೀಡಿತ ಅಂತ ಘೋಷಣೆಯಾದ ವರ್ಷ) ಎದುರು ಮನೆ ಅಜ್ಜನ ಅಟ್ಟ ಹತ್ತಿದ್ದೆ, ಬೇರೆ ಕೆಲಸಕ್ಕೆ. ಅಲ್ಲಿ ಹಳೇ ಕ್ಯಾಲೆಂಡರ್‌ಗಳ ಸುರುಳಿ ಸಿಕ್ಕಿತು. ಹದಿನೇಳು ವರ್ಷದ್ದು, ಎರಡನ್ನು ಇಲಿ ತಿಂದಿತ್ತು. ಮಳೆಯಾದ ದಿನಕ್ಕೆ ನೀಲಿ ಚುಕ್ಕೆ, ಹೆಸರು ಬಿತ್ತಿದ ದಿನಕ್ಕೆ ಗೀಟು, ಬೋರು ಬತ್ತಿದ ದಿನಕ್ಕೆ ಸೊನ್ನೆ. ಮೊದಲೆಲ್ಲ ಗೀಟು ಮಿರಗದ (ಜೂನ್ ಮೊದಲರ್ಧದ ಮೃಗಶಿರಾ ಮಳೆ) ಆಸುಪಾಸಿನಲ್ಲೇ ಇದೆ. ಈಚೆಗೆ ಒಂದು ವರ್ಷ ಮೇ ಕೊನೆ, ಮತ್ತೊಂದು ವರ್ಷ ಜುಲೈ.

ನನ್ನ ಬಳಿ ಹೆಬ್ಬಾತು ಬಂದ, ಹೋದ ತಾರೀಖುಗಳಿದ್ದವು. ಎರಡನ್ನೂ ಒಂದೇ ಹಾಳೆಗೆ ಇಳಿಸಿದೆ. ಹಕ್ಕಿ ಬೇಗ ಎದ್ದ ವರ್ಷಗಳಲ್ಲೇ, ಮೂರು ನಾಲ್ಕು ವಾರದೊಳಗೆ, ಅಜ್ಜನ ಸೊನ್ನೆ. ಅದೇನು ಪವಾಡವಲ್ಲ, ಕೆರೆ ಬತ್ತಿದರೆ ಪಕ್ಕದ ಬೋರೂ ಬತ್ತುತ್ತದೆ, ಅಲ್ವಾ? ಆದರೆ ಆ ಹಾಳೆಯನ್ನು ಚಹಾದಂಗಡಿಯಲ್ಲಿ ಅಂಟಿಸಿದ ಮೇಲೆ ಮಾತೇ ಬದಲಾಯಿತು. ಹೆಬ್ಬಾತು ಕಡಲೆ ಮೇಯುತ್ತವೆ ಅಂತ ಬೈಯುತ್ತಿದ್ದವರೇ "ಈ ಸಲ ಎಂದು ಎದ್ವು?" ಅಂತ ಕೇಳತೊಡಗಿದರು.

ಗ್ರಾಮಸಭೆಗೆ ನೂರರ ಮೇಲೆ ಜನ. ಪಂಪ್ ಇಟ್ಟವರೇ ನಾಲ್ಕು ಮಂದಿ ಎದ್ದು ಜಗಳ ತೆಗೆದರು. ತೂಬಿನ ಗುರುತು ಒಂದು ಮೊಳ ಕೆಳಗೆ ಹಾಕಲು ಒಪ್ಪಿದ ಮೇಲೇ ಸಹಿ ಬಿತ್ತು. ಆ ಒಂದು ಮೊಳ ನನಗೆ ಇವತ್ತಿಗೂ ಚುಚ್ಚುತ್ತದೆ. ಠರಾವಿನ ನಕಲು ಹಿಡಿದು, ಸಹಿ ಹಾಕಿದ ರೈತರನ್ನೇ ಮುಂದೆ ಮಾಡಿಕೊಂಡು ಶಾಸಕರ ಮನೆಗೆ ಹೋದೆವು. ನಾನು ಹಿಂದೆ ಸುಮ್ನೆ ನಿಂತಿದ್ದೆ. ಮುಂದಿನ ಕೆಡಿಪಿ ಸಭೆಯಲ್ಲಿ (ಅಭಿವೃದ್ಧಿ ಕೆಲಸಗಳ ಪರಿಶೀಲನಾ ಸಭೆ) ವಿಷಯ ಬಂತು, ಹಳ್ಳದಿಂದ ಕೆರೆಗೆ ಬರುವ ಕಾಲುವೆ ನರೇಗಾ ಕ್ರಿಯಾ ಯೋಜನೆಗೆ ಸೇರಿತು. ಆಗ ಕೂಲಿ ದಿನಕ್ಕೆ 349 ರೂಪಾಯಿ. ಠರಾವಿನ ಕರಡು ಯಾರ ಕೈಲಿ ಬರೆಸಿದೆ, ಶಾಸಕರನ್ನು ಯಾವ ಹೊತ್ತಿನಲ್ಲಿ ಹಿಡಿದೆ, ಇವೆರಡನ್ನು ಇಲ್ಲಿ ಬರೆಯಲ್ಲ. ನನಗೆ ಇನ್ನೂ ಎರಡು ಕೆರೆಯ ಕೆಲಸವಿದೆ.

ನಡುವೆ ಇನ್ನೊಂದು ಹುಚ್ಚು. ಕೆರೆ ಏರಿಯ ಬೇವಿಗೊಂದು, ಬಸ್ ಸ್ಟ್ಯಾಂಡಿಗೊಂದು ಥರ್ಮಾಮೀಟರ್ ಕಟ್ಟಿದ್ದೆ. ಏಪ್ರಿಲ್ ಮಧ್ಯಾಹ್ನ ನಾಲ್ಕೈದು ಡಿಗ್ರಿ ವ್ಯತ್ಯಾಸ ತೋರಿಸಿತು. ಒಂಬತ್ತನೇ ದಿನ ಬಸ್ ಸ್ಟ್ಯಾಂಡಿನದನ್ನು ಯಾರೋ ಬಿಚ್ಚಿಕೊಂಡು ಹೋದರು.

ಒಟ್ಟು ಖರ್ಚು ಮೂವತ್ತೊಂದು ಸಾವಿರ ಚಿಲ್ಲರೆ. ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಮನೆಯಾಕೆ ಬರೆದಿಟ್ಟಿದ್ದಾಳೆ. ಮುಕ್ಕಾಲು ಪಾಲು ಮನವಿ, ಧರಣಿ, ಸಹಿ ಸಂಗ್ರಹ, ಆ ಮೂರು ದಂಡದ ಕೆಲಸಕ್ಕೇ ಹೋಯಿತು. ಕ್ಯಾಲೆಂಡರ್ ಹಾಳೆಗೆ ಖರ್ಚಾದದ್ದು ಜೆರಾಕ್ಸ್ ಮತ್ತು ಚಹಾ, ಅಷ್ಟೇ.

ಕಾಲುವೆ ಇನ್ನೂ ಪೂರ್ತಿಯಾಗಿಲ್ಲ. ಕೊನೆಯ ತುಂಡಿನಲ್ಲಿ ಒತ್ತುವರಿ ಇದೆ, ಅಲ್ಲಿ ಕೆಲಸ ನಿಂತಿದೆ. ಈ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಅದೇ ಆಪ್ತ ಸಹಾಯಕರ ಫೋನ್ ಬಂತು. "ಬಾತು ಬಂದಾವೇನ್ರೀ? ಸಾಹೇಬ್ರು ಫೋಟೋ ತೆಗಿಸ್ಕೋಬೇಕಂತ." ಒತ್ತುವರಿ ಇರೋ ಕಡೆಯಿಂದ ಬಂದರೆ ಚೆನ್ನಾಗಿ ಕಾಣುತ್ತವೆ ಅಂದೆ.