ಬೋಲ್ಟ್ ಬಿಗಿದಾಗಲೆಲ್ಲ ಜಾರುತ್ತಿದ್ದ ಬ್ಲೇಡ್: ಟೇಬಲ್ ಸಾ ಸರಿಪಡಿಸಿದ ನನ್ನ ಅನುಭವ

ನನ್ನ ಹಳೆಯ ಟೇಬಲ್ ಸಾ (ಮೇಜಿನೊಳಗಿಂದ ಬ್ಲೇಡ್ ಮೇಲೆದ್ದಿರುವ ಗರಗಸ ಯಂತ್ರ) ಮಾರಿ ಹೊಸದನ್ನು ಕೊಳ್ಳುವುದೇ ಲೇಸೆಂದು ಮರಗೆಲಸದ ಗೆಳೆಯರೆಲ್ಲ ಒಂದೇ ಮಾತಿನಲ್ಲಿ ಹೇಳಿದ್ದರು. ಟ್ರನಿಯನ್‌ಗಳನ್ನು (ಬ್ಲೇಡಿನ ಜೋಡಣೆಯನ್ನು ಹೊತ್ತು ವಾಲಿಸುವ ಎರಕದ ಆಧಾರಗಳನ್ನು) ಮೇಜಿನ ತಳಕ್ಕೇ ಬೋಲ್ಟ್ ಮಾಡಿರುವ ಯಂತ್ರದಲ್ಲಿ ಬ್ಲೇಡ್ ಮೈಟರ್ ಸ್ಲಾಟಿಗೆ (ಮೇಜಿನ ಮೇಲೆ ಬ್ಲೇಡಿನ ಪಕ್ಕದಲ್ಲಿರುವ ಉದ್ದ ತೋಡಿಗೆ) 0.1 ಮಿ.ಮೀ. ಒಳಗೆ ಸಮಾನಾಂತರವಾಗಿ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ ಎಂಬುದು ಅವರ ವಾದವಾಗಿತ್ತು. ಈಗ ನನ್ನ ಬ್ಲೇಡ್ ಸುಮಾರು 0.03 ಮಿ.ಮೀ.ನಲ್ಲಿ ನಿಂತಿದೆ, ನಿಂತು ಎಂಟು ತಿಂಗಳಾಯಿತು.

ಅಲ್ಲಿಗೆ ತಲುಪುವ ಮೊದಲು ಮಾಡಿದ ದಂಡದ ಖರ್ಚು ಸಣ್ಣದಲ್ಲ. ಉದ್ದ ಸೀಳುವಾಗ ಫೆನ್ಸ್ (ಮರವನ್ನು ಒತ್ತಿ ಸಾಗಿಸುವ ಪಕ್ಕದ ನೇರ ಪಟ್ಟಿ) ಬದಿಯಲ್ಲಿ ಮರ ಕಪ್ಪಗಾಗುತ್ತಿತ್ತು, ಅಡ್ಡ ಕೊಯ್ದರೆ ಪ್ಲೈವುಡ್‌ನ ಮೇಲ್ಮೈ ಹಿಂಭಾಗದ ಹಲ್ಲುಗಳ ಬಳಿ ಚಕ್ಕೆ ಏಳುತ್ತಿತ್ತು. ಮೊದಲ ಅನುಮಾನ ಬ್ಲೇಡಿನ ಮೇಲೆ ಹೋಗಿ, ಯಂತ್ರದ ಬೆಲೆಯ ಕಾಲುಭಾಗದಷ್ಟು ಹಣ ತೆತ್ತು 60 ಹಲ್ಲಿನ ಹೊಸ ಬ್ಲೇಡನ್ನು ತಂದೆ. ಸುಟ್ಟ ಗುರುತು ಅದರಲ್ಲೂ ಹಾಗೆಯೇ ಉಳಿಯಿತು. ಬಳಿಕ, ಅಡ್ಡ ಕೊಯ್ಯಲು ಮರವನ್ನಿಟ್ಟು ಸ್ಲಾಟಿನಲ್ಲಿ ಜಾರಿಸುವ ಹಲಗೆಯಾದ ಸ್ಲೆಡ್‌ನ ಮೇಲೆ ಅನುಮಾನಪಟ್ಟು, ಐದು ಕೊಯ್ತದ ಪರೀಕ್ಷೆಯನ್ನು (ಒಂದೇ ಹಲಗೆಯ ನಾಲ್ಕೂ ಬದಿಗಳನ್ನು ಸರದಿಯಲ್ಲಿ ಕೊಯ್ದು, ಐದನೆಯ ಕೊಯ್ತದ ಪಟ್ಟಿಯಲ್ಲಿ ಕೋನದ ತಪ್ಪನ್ನು ಅಳೆಯುವುದು) ಮೂರು ಸಂಜೆ ಮಾಡಿ, ಅರ್ಧ ಮೀಟರಿಗೆ 0.05 ಮಿ.ಮೀ.ವರೆಗೆ ಅದರ ಫೆನ್ಸನ್ನು ತಿದ್ದಿದೆ. ಮೂಲೆಮಟ್ಟ ಅಚ್ಚುಕಟ್ಟಾಗಿ ಕುಳಿತುಕೊಳ್ಳುತ್ತಿತ್ತು, ಆದರೆ ಚಕ್ಕೆ ಏಳುವುದು ನಿಲ್ಲಲಿಲ್ಲ. ಕೊಯ್ತದ ಕೋನವನ್ನು ತೀರ್ಮಾನಿಸುವುದು ಸ್ಲೆಡ್ ಸಾಗುವ ದಾರಿಯೇ ಹೊರತು ಬ್ಲೇಡಿನ ದಿಕ್ಕಲ್ಲ, ಆದ್ದರಿಂದ ಬ್ಲೇಡ್ ಓರೆಯಾಗಿದ್ದರೂ ಆ ಪರೀಕ್ಷೆ ಅದನ್ನು ಹೇಳುವುದೇ ಇಲ್ಲ ಎಂಬುದು ಒಂದೂವರೆ ಹಾಳೆ ಪ್ಲೈವುಡ್ ಪಟ್ಟಿ ಪಟ್ಟಿಯಾದ ಮೇಲೆ ನನಗೆ ಹೊಳೆಯಿತು.

ದೋಷವನ್ನು ಕಡೆಗೆ ತೋರಿಸಿಕೊಟ್ಟದ್ದು ಒಂದು ತುಂಡು ಹಲಗೆ. ಅದನ್ನು ಸ್ಲೆಡ್‌ಗೆ ಕ್ಲ್ಯಾಂಪ್ ಮಾಡಿ, ಮುಂದಿನ ಹಲ್ಲುಗಳು ಮಾತ್ರ ಕೊಯ್ಯುವಷ್ಟು ತಳ್ಳಿ, ಯಂತ್ರವನ್ನು ಆರಿಸಿ, ಬ್ಲೇಡ್ ಪೂರ್ತಿ ನಿಂತ ಮೇಲೆ ಗಾಡಿಯನ್ನು (ಬ್ಲೇಡ್ ಕೊರೆದ ಸೀಳಿನ ಅಗಲವನ್ನು) ಅಳೆದೆ: 3.2 ಮಿ.ಮೀ. ಅದೇ ಹಲಗೆಯನ್ನು ಹಿಂದಿನ ಹಲ್ಲುಗಳನ್ನೂ ದಾಟಿಸಿದಾಗ ಗಾಡಿ ಹೆಚ್ಚುಕಡಿಮೆ 3.5 ಆಯಿತು. ಆರ್ಬರ್ (ಬ್ಲೇಡ್ ಕೂರುವ ತಿರುಗುವ ದಂಡ) ತೂಗಾಡುತ್ತಿದ್ದರೆ ಎರಡೂ ಅಳತೆಗಳು ಸಮನಾಗಿ ಹಿಗ್ಗಬೇಕಿತ್ತು. ಎರಡನೆಯದು ಮಾತ್ರ ಹಿಗ್ಗಿದೆಯೆಂದರೆ ಹಿಂದಿನ ಹಲ್ಲುಗಳು ಬೇರೆ ದಾರಿ ಹಿಡಿದಿವೆಯೆಂದೇ ಅರ್ಥ.

ಆಮೇಲಷ್ಟೇ ಡಯಲ್ ಇಂಡಿಕೇಟರ್ (ಸಣ್ಣ ಅಂತರವನ್ನು ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ಕೊಂಡೆ. ಹೊಸ ಬ್ಲೇಡಿನ ಮೂರನೆಯ ಒಂದು ಭಾಗದಷ್ಟೂ ಬೆಲೆಯಿಲ್ಲದ ಆ ಸಾಧನವನ್ನೇ ಮೊದಲು ಕೊಳ್ಳದಿದ್ದುದು ನನ್ನ ದಡ್ಡತನ. ಡಯಲನ್ನು ಹೊತ್ತು ಸ್ಲಾಟಿನಲ್ಲಿ ಜಾರುವ ಮೈಟರ್ ಪಟ್ಟಿ ಅಲುಗಾಡುತ್ತಿದ್ದುದರಿಂದ ಅದರ ಅಂಚಿಗೆ ಸೆಂಟರ್ ಪಂಚಿನಿಂದ ಚುಕ್ಕೆಗಳನ್ನು ಹೊಡೆದು ಬಿಗಿಗೊಳಿಸಿ, ಒಂದೇ ಹಲ್ಲಿಗೆ ಗುರುತು ಹಾಕಿ ಮುಂದೆಯೂ ಹಿಂದೆಯೂ ಅಳೆದಾಗ 0.38 ಮಿ.ಮೀ. ವ್ಯತ್ಯಾಸ ಬಂತು. ಹಣ ಕೊಡದೆ ಇದೇ ಕೆಲಸ ಆಗುತ್ತದೆಯೇ ಎಂಬ ಕುತೂಹಲದಿಂದ, ಮರದ ತುಂಡಿಗೆ ಸ್ಕ್ರೂ ಕೂರಿಸಿ, ಹಲ್ಲು ಅದನ್ನು ಸವರುವ ಸದ್ದಿನಿಂದ ಅಳೆಯುವ ಹಳೆಯ ಉಪಾಯವನ್ನೂ ಡಯಲ್ ಜೊತೆ ಹೋಲಿಸಿ ನೋಡಿದೆ. ಸುಮಾರು 0.05ರ ವ್ಯತ್ಯಾಸವನ್ನು ನನ್ನ ಕಿವಿ ಹಿಡಿಯಿತು. ತಾಳ್ಮೆಯಿದ್ದವರಿಗೆ ಅಷ್ಟು ಸಾಕು. ಬ್ಲೇಡ್ ಒತ್ತಿ ಕೂರುವ ಬಿಲ್ಲೆಯಾದ ಆರ್ಬರ್ ಫ್ಲಾಂಜನ್ನೂ ಅಳೆದೆ. ಅಲ್ಲಿ ಅಂಟಿದ್ದ ಒಣಗಿದ ರಾಳವನ್ನು ಕೆರೆದು ತೆಗೆದದ್ದರಿಂದಲೇ ಬ್ಲೇಡಿನ ಅಂಚಿನ ತೂಗಾಟ ಅರ್ಧಕ್ಕಿಳಿಯಿತು, ಏಕೆಂದರೆ ಫ್ಲಾಂಜಿನ ಕೂದಲೆಳೆಯಷ್ಟು ದೋಷವೂ ಅಂಚಿನಲ್ಲಿ ಐದಾರು ಪಟ್ಟು ದೊಡ್ಡದಾಗಿ ಕಾಣಿಸುತ್ತದೆ.

ಪ್ಲಗ್ ಕಿತ್ತು, ಮೂರು ಬೋಲ್ಟ್ ಸಡಿಲಿಸಿ, ನಾಲ್ಕನೆಯದನ್ನು ತಿರುಗಣೆಯಾಗಿ ಉಳಿಸಿಕೊಂಡು, ಹಿಂದಿನ ಟ್ರನಿಯನ್ನನ್ನು ಮರದ ಕೊರಡಿನಿಂದ ತಟ್ಟಿದರೆ ಡಯಲ್ ಸೊನ್ನೆಗೆ ಬರುತ್ತಿತ್ತು. ಅಲ್ಲಿಯವರೆಗಿನ ಕೆಲಸ ಯಾರಿಗೂ ಕಷ್ಟವಲ್ಲ. ಬೋಲ್ಟ್ ಬಿಗಿದ ಕೂಡಲೇ ಮುಳ್ಳು ಮತ್ತೆ 0.2ಕ್ಕೆ ಓಡುತ್ತಿತ್ತು. ಹತ್ತೋ ಹನ್ನೊಂದೋ ಬಾರಿ ಹೀಗಾದ ಮೇಲೆ, ಗೆಳೆಯರ ಮಾತೇ ಸರಿಯೆಂದು ಒಪ್ಪಿಕೊಂಡು ಎರಡು ವಾರ ಯಂತ್ರದ ಮೇಲೆ ಬಟ್ಟೆ ಹೊದಿಸಿ ಸುಮ್ಮನಿದ್ದೆ. ಮತ್ತೆ ಬಿಚ್ಚಿ ಟಾರ್ಚ್ ಹಿಡಿದು ನೋಡಿದಾಗ ಕಾರಣ ಕಣ್ಣಿಗೆ ಬಿತ್ತು: ಹಳೆಯ ಸ್ಪ್ರಿಂಗ್ ವಾಷರ್‌ಗಳು ಎರಕದಲ್ಲಿ ಕೊರೆದಿದ್ದ ಕುಳಿಗಳಿಗೇ ಪ್ರತಿ ಸಲವೂ ಮರಳಿ ಕಚ್ಚಿಕೊಂಡು, ಟ್ರನಿಯನ್ನನ್ನು ಹಿಂದಿನ ಜಾಗಕ್ಕೆ ಎಳೆಯುತ್ತಿದ್ದವು. ಆ ಜಾಗವನ್ನು ಅರದಿಂದ ಮಟ್ಟ ಮಾಡಿ, ದಪ್ಪ ಚಪ್ಪಟೆ ವಾಷರ್ ಹಾಕಿ, ಟ್ರನಿಯನ್ ಮತ್ತು ಮೇಜಿನ ಏಣಿನ ನಡುವೆ ಗಟ್ಟಿಮರದ ಬೆಣೆಯನ್ನು ಸಿಕ್ಕಿಸಿ, ಡಯಲ್ ನೋಡುತ್ತಲೇ ಒಂದೊಂದು ಬೋಲ್ಟನ್ನೂ ಕಾಲು ಸುತ್ತಿನಂತೆ ಬಿಗಿದೆ. ಯಾವ ಬೋಲ್ಟನ್ನು ಮೊದಲು, ಯಾವುದನ್ನು ಕೊನೆಗೆ ಬಿಗಿಯಬೇಕು, ಬಿಗಿಯುವ ಮುನ್ನ ಮುಳ್ಳನ್ನು ಯಾವ ಬದಿಗೆ ಎಷ್ಟು ಬಿಟ್ಟಿರಬೇಕು ಎಂಬುದನ್ನು ನಾನು ಬರೆಯುವುದಿಲ್ಲ. ಹನ್ನೊಂದು ಸೋಲುಗಳ ಸಂಪಾದನೆ ಅದು.

ಅಲ್ಲಿಗೆ ಮುಗಿಯಿತೆಂದುಕೊಂಡು ಬ್ಲೇಡನ್ನು 45 ಡಿಗ್ರಿಗೆ ವಾಲಿಸಿದರೆ ಮತ್ತೆ 0.3 ಮಿ.ಮೀ. ತಪ್ಪು. ವಾಲುವ ಅಕ್ಷವೇ ಮೇಜಿಗೆ ಸಮಾನಾಂತರವಾಗಿಲ್ಲದಿದ್ದರೆ ಬ್ಲೇಡ್ ನೆಟ್ಟಗಿರುವ 90 ಡಿಗ್ರಿಯಲ್ಲಿ ಎಷ್ಟು ನೇರಗೊಳಿಸಿದರೂ ಪ್ರಯೋಜನವಿಲ್ಲ, ಒಂದು ತುದಿಯ ಟ್ರನಿಯನ್ನಿಗೆ ಶಿಮ್ (ಎತ್ತರ ತುಂಬುವ ತೆಳು ತಗಡು) ಕೊಡಲೇಬೇಕು. ಅಳೆದ ಎರಡು ಬಿಂದುಗಳ ಅಂತರ 220, ಟ್ರನಿಯನ್‌ಗಳ ಅಂತರ 350ರ ಆಸುಪಾಸು; ಆ ಅನುಪಾತದಲ್ಲಿ ಅರ್ಧ ಮಿ.ಮೀ. ದಪ್ಪ ಬೇಕಿತ್ತು. ಆತುರದಲ್ಲಿ ಅದನ್ನು ಹಿಂದಕ್ಕೆ ಕೊಡುವ ಬದಲು ಮುಂದಕ್ಕೆ ಕೊಟ್ಟು, 0.3 ಇದ್ದ ತಪ್ಪನ್ನು 0.6 ಮಾಡಿಕೊಂಡೆ. ಅಲ್ಯೂಮಿನಿಯಂ ಡಬ್ಬಿಯನ್ನು ಕತ್ತರಿಸಿ ಐದು ಪದರ ಜೋಡಿಸಿದ್ದು ಬಿಗಿದಾಗ ಸ್ಪ್ರಿಂಗಿನಂತೆ ವರ್ತಿಸಿತು. ಒಂದೇ ತುಂಡು ಹಿತ್ತಾಳೆ ತಗಡು ಮಾತ್ರ ನಿಂತಿತು. ಶಿಮ್ ಹಾಕಲು ಬೋಲ್ಟ್ ಬಿಚ್ಚಿದ್ದರಿಂದ 90ರ ಕೆಲಸವನ್ನು ಮೊದಲಿನಿಂದ ಮಾಡಬೇಕಾಯಿತು. ಹಾಗಾಗಿ ಶಿಮ್ ಕೆಲಸವನ್ನೇ ಮೊದಲು ಮುಗಿಸಿಕೊಳ್ಳುವುದು ಒಳ್ಳೆಯದು.

ಫೆನ್ಸನ್ನು ಕೊನೆಯಲ್ಲಿ ಸ್ಲಾಟಿಗೇ ಹೊಂದಿಸಿ, ಹಿಂದಿನ ತುದಿಯನ್ನು 0.05 ಮಿ.ಮೀ.ನಷ್ಟು ಬ್ಲೇಡಿನಿಂದ ದೂರ ಬಿಟ್ಟೆ. ರೈವಿಂಗ್ ನೈಫನ್ನು (ಸೀಳು ಮುಚ್ಚಿಕೊಳ್ಳದಂತೆ ಬ್ಲೇಡಿನ ಹಿಂದಿರುವ ತಗಡನ್ನು) ಬ್ಲೇಡಿನ ಸಾಲಿಗೆ ತಂದೆ. ಈಗ ಅದೇ ತುಂಡು ಹಲಗೆಯಲ್ಲಿ ಅರ್ಧ ಗಾಡಿಯೂ ಪೂರ್ಣ ಗಾಡಿಯೂ 3.2 ತೋರಿಸುತ್ತವೆ. ಸೀಳಿದ ಅಂಚಿಗೆ ರಂದ ಹಿಡಿಯದೆ ನೇರವಾಗಿ ಅಂಟು ಹಚ್ಚುತ್ತೇನೆ, ಅದೂ ಹಳೆಯ ಬ್ಲೇಡಿನಲ್ಲಿ ಕೊಯ್ದದ್ದಕ್ಕೆ. 60 ಹಲ್ಲಿನ ಹೊಸದು ತೊಳೆದು ಒರೆಸಿ ಪೆಟ್ಟಿಗೆಯಲ್ಲಿಟ್ಟಂತೆಯೇ ಇದೆ.