ಬೋವೋ ಬುಖ್ ಹಾಡಿದ್ದು: ನನ್ನ ಅನುಭವ

ಯಿಡ್ಡಿಷ್‌ನಲ್ಲಿ (ಯುರೋಪಿನ ಯಹೂದಿಗಳ ಭಾಷೆ, ಜರ್ಮನ್‌ಗೆ ಹತ್ರದ್ದು) ಇರೋ ಬೋವೋ ಬುಖ್ ಅನ್ನೋ ಹಳೇ ವೀರಕಾವ್ಯನ ಇಟಾಲಿಯನ್ ಮಟ್ಟಲ್ಲಿ ಹಾಡೋಕಾಗಲ್ಲ, ಸುಮ್ನೆ ಓದಿ ಅಂತ ಇಲ್ಲಿ ಮ್ಯೂನಿಕ್‌ನಲ್ಲಿ ಹೇಳಿದೋರು ಒಬ್ರಿಬ್ರಲ್ಲ. ಆದ್ರೆ ಅದನ್ನ ಬರ್ದ ಕವಿ ಎಲಿಯ ಲೆವಿಟಾನೇ 1541ರಲ್ಲಿ ಜರ್ಮನಿಯ ಇಸ್ನಿ ಊರಲ್ಲಾದ ಪ್ರಿಂಟ್‌ನ ಮುನ್ನುಡಿಯಲ್ಲಿ, ನಾನಿದನ್ನ ಇಟಲಿ ಹಾಡಿನ ಮಟ್ಟಲ್ಲಿ ಹಾಡ್ತೀನಿ, ಇದಕ್ಕಿಂತ ಚೆನ್ನಾಗಿರೋದು ಯಾರಾದ್ರೂ ಕಟ್ಟಿದ್ರೆ ಅವ್ರಿಗೆ ಥ್ಯಾಂಕ್ಸ್ ಅಂತ ಬರ್ದಿದಾನಲ್ಲ! ಕವಿನೇ ಹಾಡ್ತಿದ್ದ ಅಂದ್ಮೇಲೆ ಬಿಡೋ ಮಾತೇ ಇಲ್ಲ.

ಮೊದ್ಲು ಹಳೇ ಜರ್ಮನ್ ವೀರಗಾಥೆ ಮಟ್ಟು ಹಿಡ್ದೆ. ಅದು ಬೈಬಲ್ ಕಥೆಯ ಇನ್ನೊಂದು ಯಿಡ್ಡಿಷ್ ಕಾವ್ಯ ಶ್ಮೂಯೆಲ್ ಬುಖ್‌ಗೆ ಸರಿ, ಅಲ್ಲಿ ಸಾಲಿನ ಮಧ್ಯೆ ಒಂದು ನಿಲುಗಡೆ ಇರತ್ತೆ, ನಾಲ್ಕು ಸಾಲಿಗೆ ಪದ್ಯ ಮುಗಿಯತ್ತೆ. ಬೋವೋದಲ್ಲಿ ಎಂಟು ಸಾಲು, ಆರು ಸಾಲು ಒಂದು ಬಿಟ್ಟೊಂದು (ಅಬ ಅಬ ಅಬ) ಪ್ರಾಸ, ಕೊನೇ ಎರಡು ಸಾಲಿಗೆ ಬೇರೆ ಪ್ರಾಸ, ಲೆವಿಟಾನ ಚೇಷ್ಟೆ ಎಷ್ಟೋ ಸಲ ಇರೋದೇ ಅಲ್ಲಿ. ಆ ಮಟ್ಟಲ್ಲಿ ಅದು ಪೂರ್ತಿ ಮುಳುಗೋಗ್ತಿತ್ತು. ಲ್ಯೂಟ್ (ಹಳೇ ತಂತಿವಾದ್ಯ) ನುಡಿಸೋರಿಗೆ ಗಂಟೆಗೆ 50-60 ಯೂರೋ, ರಿಹರ್ಸಲ್ ರೂಮ್ ಬಾಡಿಗೆ ಬೇರೆ, ಆ ಚಳಿಗಾಲ ಹತ್ತಿರತ್ತಿರ ಸಾವಿರ ಯೂರೋ ನೀರಲ್ಲಿ ಹೋಮ ಆಯ್ತು.

ಆಮೇಲೆ ರುಜ್ಜೇರೋಗೆ ಬಂದೆ, 16ನೇ ಶತಮಾನದ ಇಟಲಿಯಲ್ಲಿ ಎಂಟು ಸಾಲಿನ ಪದ್ಯ ಹಾಡೋಕೆ ಬಳಸ್ತಿದ್ದ ಬಾಸ್ ಅದು, ಅಂದ್ರೆ ಹಾಡಿನ ಕೆಳಗೆ ಮತ್ತೆ ಮತ್ತೆ ಸುತ್ತೋ ತಗ್ಗು ಸ್ವರಗಳ ಸರಣಿ, ಒಂದು ಸುತ್ತಿಗೆ ಎರಡು ಸಾಲು, ನಾಲ್ಕು ಸುತ್ತಿಗೆ ಪದ್ಯ. ತೊಡಕು ಏನಪ್ಪಾ ಅಂದ್ರೆ ಇಟಾಲಿಯನ್ ಸಾಲಿಗೆ ಹನ್ನೊಂದು ಉಚ್ಚಾರಾಂಶ (ಸಿಲಬಲ್), ಲೆವಿಟಾನ ಸಾಲು ಗಿಡ್ಡ, ಹೆಚ್ಚುಕಮ್ಮಿ ನಾಲ್ಕು ಒತ್ತು (ಒತ್ತಿ ಹೇಳೋ ಜಾಗ) ಅಷ್ಟೇ, ಮಟ್ಟಲ್ಲಿ ಉಳಿದ ಸ್ವರನ ಮಧ್ಯದಲ್ಲಿ ತುರುಕಿದ್ರೆ ಮಾತೇ ಹರಿದೋಗತ್ತೆ. ನಾನು ಮೊದಲ ಮೂರು ಒತ್ತನ್ನ ಮಾತಾಡೋ ಹಾಗೆ ಬಿಟ್ಟು, ಉಳಿದ ಸ್ವರ ಅಷ್ಟನ್ನೂ ನಾಲ್ಕನೇ ಒತ್ತಿನ ಮೇಲೆ ಹಾಕ್ದೆ. ಪ್ರಾಸ ಗಂಟೆ ಹೊಡ್ದಂಗೆ ಕೇಳಿಸ್ತು! ಇನ್ನೊಂದು, ಮೂರನೇ ಸುತ್ತಿನ ಕೊನೇಲಿ ಷಡ್ಜಕ್ಕೆ ಇಳಿಯದೆ ಮೇಲೇ ನಿಲ್ಬೇಕು, ಆಗ ಕೊನೇ ಜೋಡಿ ಸಾಲಿಗೆ ಜನ ಕಿವಿ ನಿಮಿರಿಸ್ಕೊಂಡು ಕಾಯ್ತಾರೆ. ಅಲ್ಲಿ ಉಸಿರು ಎಲ್ಲಿ ತಗೋತೀನಿ ಅನ್ನೋದು ಮಾತ್ರ ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

ಮಧ್ಯೆ ಟಸ್ಕನಿ ಕಡೆ ಈಗ್ಲೂ ಆಶುವಾಗಿ ಎಂಟು ಸಾಲು ಹಾಡೋರ ಥರ ತಾಳ ಇಲ್ದೇನೂ ನೋಡ್ದೆ. ದುಃಖದ ಪದ್ಯಕ್ಕೆ ಅದ್ಭುತ, ಕಾಳಗದ ಪದ್ಯ ಮಾತ್ರ ಜೋತುಬಿತ್ತು.

ಹೋದ ತಿಂಗಳು ಮೂವತ್ತು ನಲವತ್ತು ಜನರ ಮುಂದೆ ಸುಮಾರು ಇಪ್ಪತ್ತು ಪದ್ಯ ಹಾಡಿದೆ, ಕೊನೇ ಜೋಡಿ ಸಾಲಿಗೆ ಸರಿಯಾಗಿ ನಗು ಬಂತು, ಆಗಲ್ಲ ಅಂದೋರೇ ಮಟ್ಟು ರೆಕಾರ್ಡ್ ಮಾಡ್ಕೊಂಡು ಹೋದ್ರು. ಒಟ್ಟು 650 ಪದ್ಯ ಇದೆ. ಮುಂದಿನ ಸಲ 1594ರಲ್ಲಿ ವೆರೋನಾದಲ್ಲಿ ಪ್ರಿಂಟ್ ಆದ ಯಿಡ್ಡಿಷ್ ಪ್ರೇಮಕಾವ್ಯ ಪ್ಯಾರಿಸ್ ಉನ್ ವಿಯೆನಾದಿಂದಾನೂ ಒಂದೆರಡು ಭಾಗ ಸೇರಿಸ್ತೀನಿ, ಅದೂ ಎಂಟು ಸಾಲಿಂದೇ, ಲ್ಯೂಟ್‌ನೋರಿಗೆ ಅಡ್ವಾನ್ಸ್ ಕೊಟ್ಟಾಗಿದೆ.