ಗುಂಡನ ಜೊತೆ ಕೋಟೆ ಸುತ್ತೋದು

ನಾಯಿ ಕರ್ಕೊಂಡು ಕೋಟೆ ನೋಡೋಕೆ ಹೋಗುವುದಾದರೆ ಪಾಳುಬಿದ್ದ ಕೋಟೆಯೇ ವಾಸಿ. ಛಾವಣಿ, ಕಾರ್ಪೆಟ್ಟು, ಹಳೇ ಮಂಚ ಎಲ್ಲಾ ಜೋಪಾನವಾಗಿ ಉಳಿದಿರುವ ಕಡೆ ಸಾಮಾನ್ಯವಾಗಿ ನಾಯಿಯನ್ನು ಒಳಗೆ ಬಿಡುವುದಿಲ್ಲ. ಬ್ರಿಟನ್ನಿನ ರಾಜಮನೆತನದ ವಿಂಡ್ಸರ್ ಕೋಟೆಗೆ ಹೋದರೆ ಕಣ್ಣು ಕಾಣದವರು, ಅಂಗವಿಕಲರಿಗೆ ನೆರವಾಗುವ ನಾಯಿಗಳಿಗೆ ಮಾತ್ರ ಪ್ರವೇಶ. ಹುಲ್ಲು ಬೆಳೆದು, ತಲೆ ಎತ್ತಿದರೆ ಆಕಾಶ ಕಾಣುವ ಕೋಟೆಗಳಲ್ಲಿ ಅಷ್ಟು ಬಿಗಿ ಇರುವುದಿಲ್ಲ. ನಾವಿರುವುದು ವೇಲ್ಸ್‌ನ ಕಾರ್ಡಿಫ್‌ನಲ್ಲಿ. ಇಲ್ಲಿ ಅಂಥ ಕೋಟೆಗಳಿಗೆ ಬರವೇ ಇಲ್ಲ.

ವೇಲ್ಸ್ ಸರ್ಕಾರದ ಕ್ಯಾಡೂ ಎಂಬ ಸಂಸ್ಥೆ ಇವುಗಳನ್ನು ನೋಡಿಕೊಳ್ಳುತ್ತದೆ. ಅವರ ಎಷ್ಟೋ ಕೋಟೆಗಳಲ್ಲಿ ಗಿಡ್ಡ ಲೀಶ್ ಕಟ್ಟಿದ ನಾಯಿಗೆ ಪ್ರವೇಶ ಉಂಟು. ಆದರೆ ನೆಲಮಟ್ಟದಲ್ಲಿ ಮಾತ್ರ, ಬುರುಜು ಹತ್ತಿಸುವಂತಿಲ್ಲ. ಇದು ಸುಮ್ನೆ ಮಾಡಿದ ನಿಯಮ ಅಲ್ಲ. ಆ ಸುತ್ತುಮೆಟ್ಟಿಲುಗಳು ಸವೆದು ಜಾರುತ್ತವೆ, ಎದುರಿಂದ ಒಬ್ಬರು ಇಳಿದು ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಅಲ್ಲಿ ನಮ್ಮ ಬೀಗಲ್ ತಳಿಯ ಗುಂಡನನ್ನು ಎತ್ತಿಕೊಂಡು ಹತ್ತುವುದನ್ನು ನೆನೆಸಿಕೊಳ್ಳೋಕೂ ಆಗಲ್ಲ. ಒಂದೊಂದು ಕೋಟೆಯ ನಿಯಮ ಒಂದೊಂದು ಥರ ಇರುವುದರಿಂದ ಹೊರಡುವ ಮುಂಚೆ ಆಯಾ ಕೋಟೆಯದ್ದನ್ನೇ ನೋಡಿಕೊಳ್ಳುತ್ತೇನೆ. ಯಾವುದಾದರೂ ಕಾರ್ಯಕ್ರಮ ಇದೆಯಾ ಅಂತಲೂ ನೋಡುತ್ತೇನೆ. ಯುದ್ಧದ ಅಣಕು ಪ್ರದರ್ಶನ ಇದ್ದ ದಿನ ಡೋಲು, ಕೂಗಾಟ ಎಲ್ಲಾ ಇರುತ್ತೆ. ಮಕ್ಕಳಿಗೆ ಹಬ್ಬ, ನಾಯಿಗೆ ಶಿಕ್ಷೆ.

ಹೋಗುವುದು ರೈಲಿನಲ್ಲೇ. ಬ್ರಿಟನ್ನಿನ ರೈಲುಗಳಲ್ಲಿ ಒಬ್ಬ ಪ್ರಯಾಣಿಕ ಎರಡು ನಾಯಿಗಳನ್ನು ಟಿಕೆಟ್ ಇಲ್ಲದೆ ಕರ್ಕೊಂಡು ಹೋಗಬಹುದು. ಸೀಟಿನ ಮೇಲೆ ಮಾತ್ರ ಕೂರಿಸಬಾರದು.

ನನಗೆ ತುಂಬಾ ಇಷ್ಟದ್ದು ಕೇರ್ಫಿಲಿ. ಕಾರ್ಡಿಫ್‌ನಿಂದ ಹತ್ತಿರ, ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ವೇಲ್ಸ್‌ನ ಕೋಟೆಗಳಲ್ಲೆಲ್ಲ ದೊಡ್ಡದು ಇದೇ. ಗಿಲ್ಬರ್ಟ್ ಡಿ ಕ್ಲೇರ್ ಎಂಬ ಇಂಗ್ಲಿಷ್ ಜಹಗೀರುದಾರ 1268ರಲ್ಲಿ ಕಟ್ಟಿಸಲು ಶುರುಮಾಡಿದ. ವೇಲ್ಸ್‌ನ ರಾಜಕುಮಾರ ಲೆವೆಲಿನ್ 1270ರಲ್ಲಿ ಬಂದು ಅರೆಬರೆ ಎದ್ದಿದ್ದನ್ನು ಸುಟ್ಟುಹಾಕಿದ. ಗಿಲ್ಬರ್ಟ್ ಮರುವರ್ಷವೇ ಮತ್ತೆ ಕೆಲಸ ಹಿಡಿದ. ಒಂದು ಗೋಡೆಯೊಳಗೆ ಇನ್ನೊಂದು ಗೋಡೆ, ಸುತ್ತಲೂ ಅಣೆಕಟ್ಟು ಹಾಕಿ ನಿಲ್ಲಿಸಿದ ಕೆರೆಯಂಥ ಕಂದಕ. ಶತ್ರು ಹತ್ತಿರ ಸುಳಿಯಬಾರದು, ಕವಣೆಕಲ್ಲು ಒಳಗಿನ ಗೋಡೆಗೆ ತಲುಪಬಾರದು, ಅಷ್ಟೇ ಲೆಕ್ಕಾಚಾರ.

ಟಿಕೆಟ್ ತಗೊಂಡು ಒಳಗೆ ಹೋಗುವ ಮುಂಚೆ ನಾವು ಈ ನೀರಿನ ದಂಡೆಯಲ್ಲೇ ಸುತ್ತು ಹಾಕುತ್ತೇವೆ. ಅದು ಊರಿನ ಪಾರ್ಕಿನ ಹಾಗೆ, ದುಡ್ಡಿಲ್ಲ. ಇಲ್ಲಿಂದ ನೋಡಿದಾಗಲೇ ಗಿಲ್ಬರ್ಟನ ತಲೆ ಹೇಗೆ ಓಡಿತ್ತು ಅಂತ ಗೊತ್ತಾಗುವುದು. ಮುತ್ತಿಗೆ ಹಾಕಲು ಬಂದವರು ನಿಂತಿರಬೇಕಾದ ಜಾಗ ಇದು. ಎದುರಿಗೆ ಬರೀ ನೀರು, ಆಚೆ ಗೋಡೆ, ಅದರ ಹಿಂದೆ ಇನ್ನೂ ಎತ್ತರದ ಗೋಡೆ. ಮೇಲೆ ಹತ್ತಿ ನಿಂತವರಿಗೆ ಊರು ಚೆನ್ನಾಗಿ ಕಾಣಬಹುದು, ಕೋಟೆ ಪೂರ್ತಿ ಕಾಣುವುದು ಕೆಳಗಿನವರಿಗೇ. ನಾಯಿ ಇಲ್ಲದಿದ್ದರೆ ನಾನೂ ಸೀದಾ ಬುರುಜಿಗೆ ಓಡುತ್ತಿದ್ದೆ, ಈ ಸುತ್ತು ಹಾಕುತ್ತಲೇ ಇರಲಿಲ್ಲ.

ದಂಡೆಯಲ್ಲಿ ಒಂದೇ ತಾಪತ್ರಯ, ಹೆಬ್ಬಾತುಗಳು. ಮರಿ ಇರುವ ಕಾಲದಲ್ಲಿ ಕತ್ತು ಚಾಚಿ ಬುಸ್ ಅಂತ ಬಂದೇ ಬಿಡುತ್ತವೆ. ಗುಂಡ ಮನೆಯಲ್ಲಿ ದೊಡ್ಡ ಪೈಲ್ವಾನ, ಇಲ್ಲಿ ನನ್ನ ಕಾಲಿನ ಹಿಂದೆ.

ಒಳಗೆ ಹೋಗಲು ಮರದ ಸೇತುವೆ ದಾಟಬೇಕು. ಹಲಗೆಗಳ ಸಂದಿಯಲ್ಲಿ ಕೆಳಗಿನ ನೀರು ಮಿಣುಗುವುದು ಕಂಡರೆ ಗುಂಡ ನಾಲ್ಕೂ ಕಾಲು ಊರಿ ನಿಂತುಬಿಡುತ್ತಾನೆ. ಎಳೆದರೆ ಇನ್ನೂ ಹಟ. ಹಿಂದಿನವರಿಗೆ ದಾರಿ ಬಿಟ್ಟು, ಅವರು ದಾಟಿದ ಮೇಲೆ ನಾನು ಅವನ ಪಕ್ಕದಲ್ಲಿ, ಸಂದಿ ಕಾಣದ ಹಾಗೆ ಅಂಚಿಗೆ ಒತ್ತಿಕೊಂಡು ನಿಧಾನಕ್ಕೆ ನಡೆಯುತ್ತೇನೆ. ಮೂಗಿನ ಮುಂದೆ ಒಂದು ಚೂರು ಚೀಸ್ ಹಿಡಿದಿದ್ದರೆ ಕೆಲಸ ಬೇಗ ಆಗುತ್ತೆ. ಕೇರ್ಫಿಲಿ ಚೀಸ್‌ಗೆ ಹೆಸರಾದ ಊರು ಬೇರೆ!

ಇಲ್ಲಿನ ವಾಲಿದ ಬುರುಜನ್ನು ನೋಡಲು ಮೆಟ್ಟಿಲು ಹತ್ತಬೇಕಿಲ್ಲ. ಸುಮಾರು 10 ಡಿಗ್ರಿ ವಾಲಿದೆ, ಪೀಸಾ ಗೋಪುರಕ್ಕಿಂತ ಜಾಸ್ತಿ. 17ನೇ ಶತಮಾನದ ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ ಸಿಡಿಮದ್ದು ಇಟ್ಟಿದ್ದಕ್ಕೆ ಹೀಗಾಯಿತು ಅನ್ನುವವರಿದ್ದಾರೆ, ಅಡಿಯ ನೆಲ ಕುಸಿದು ವಾಲಿತು ಅನ್ನುವವರೂ ಇದ್ದಾರೆ. ಅದರ ಬುಡದಲ್ಲಿ ಬುರುಜು ಬೀಳದಂತೆ ಕೈಯಿಂದ ಆನಿಸಿ ಹಿಡಿದು ನಿಂತ ಮನುಷ್ಯನ ಮರದ ಪ್ರತಿಮೆ ಇದೆ. ಅದನ್ನು ಕಂಡು ಗುಂಡ ಬೊಗಳದೆ ಮುಂದೆ ಹೋದದ್ದೇ ಇಲ್ಲ. ನೋಡುವವರಿಗೆ ಬುರುಜಿಗಿಂತ ಅದೇ ತಮಾಷೆ. ನನ್ನವರು ಬುರುಜು ಹತ್ತಿ ಇಳಿಯುವ ತನಕ ನಾನು ಹುಲ್ಲಿನ ಮೇಲೆ ಅವನ ಜೊತೆ ಕೂರುತ್ತೇನೆ, ಆಮೇಲೆ ಅದಲುಬದಲು.

ಚೆಪ್‌ಸ್ಟೋ ಕೋಟೆ ಇನ್ನೊಂದು ಥರ. ವೈ ನದಿಯ ಪಕ್ಕದ ಬಂಡೆಯ ಮೇಲೆ ಉದ್ದಕ್ಕೆ ಹಬ್ಬಿದೆ. ಅಂಗಳದ ಮುಂದೆ ಅಂಗಳ, ಹಾಗಾಗಿ ಬುರುಜು ಹತ್ತದೆಯೂ ಬೇಕಾದಷ್ಟು ನೋಡಬಹುದು. ಆದರೆ ದಾರಿ ಏರು, ವಯಸ್ಸಾದ ನಾಯಿಗೆ ಕಷ್ಟ. ಕೋಟೆಯ ಕೆಲಸ ಶುರುವಾದದ್ದು 1067ರಲ್ಲಿ, ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮರುವರ್ಷ. 1190ಕ್ಕಿಂತ ಈಚಿನದಲ್ಲ ಎನ್ನುವ ಮರದ ಬಾಗಿಲುಗಳು 1962ರವರೆಗೂ ಹೆಬ್ಬಾಗಿಲಲ್ಲೇ ಇದ್ದವು, ಈಗ ಒಳಗೆ ಇಟ್ಟಿದ್ದಾರೆ. ಕಬ್ಬಿಣದ ತಗಡು ಹೊದಿಸಿದ ಆ ಬಾಗಿಲ ಮುಂದೆ ನಾನು ತುಂಬಾ ಹೊತ್ತು ನಿಲ್ಲುತ್ತೇನೆ, ಗುಂಡನಿಗೆ ಅದರಲ್ಲಿ ಮೂಸುವಂಥದ್ದೇನೂ ಇಲ್ಲ. ಅವನಿಗೆ ಬೇಕಿರುವುದು ಕೋಟೆಯ ಹೊರಗಿನ ಹುಲ್ಲುಗಾವಲು, ಅದನ್ನು ಡೆಲ್ ಅನ್ನುತ್ತಾರೆ.

ಊರಿನಿಂದ ಅಕ್ಕ ಫೋನ್ ಮಾಡಿದಾಗ, "ಅಲ್ಲ ಕಣೇ, ಕೋಟೆಯೊಳಗೆ ನಾಯಿ ಬಿಡ್ತಾರಾ?" ಅಂತ ಕೇಳಿದಳು. ಚಿತ್ರದುರ್ಗದವಳು ಅವಳು, ಕೇಳಲೇಬೇಕು. ನಮ್ಮಲ್ಲಿ 1959ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದೊಳಗೆ ಪ್ರಾಣಿ ತರುವಂತಿಲ್ಲ. ಅಲ್ಲಿನ ಬೀದಿನಾಯಿಗಳಿಗೆ ಆ ನಿಯಮ ಯಾರೂ ಓದಿ ಹೇಳಿಲ್ಲ, ಅಷ್ಟೇ.

ಚೀಲದಲ್ಲಿ ಜಾಸ್ತಿ ಏನೂ ಬೇಡ. ನೀರಿನ ಬಾಟಲಿ, ಮಡಚುವ ಬಟ್ಟಲು, ಕಕ್ಕ ಎತ್ತುವ ಚೀಲಗಳು, ಒಂದು ಹಳೇ ಟವೆಲ್. ವೇಲ್ಸ್‌ನಲ್ಲಿ ಮಳೆ ಯಾವಾಗ ಬರುತ್ತೆ ಅಂತ ಕೇಳಲೇಬಾರದು. ನೀರನ್ನು ಮನೆಯಿಂದಲೇ ಒಯ್ಯುತ್ತೇನೆ, ಕಂದಕದ ನೀರು ಕುಡಿಯಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಹುಲ್ಲಿನಲ್ಲಿ ಉಣ್ಣಿ ಇರುತ್ತವೆ. ಮನೆಗೆ ಬಂದ ಕೂಡಲೇ ಕಿವಿಯ ಹಿಂದೆ, ಕಂಕುಳು, ಕಾಲ್ಬೆರಳ ಸಂದಿ ಬೆರಳಾಡಿಸಿ ನೋಡುತ್ತೇನೆ. ಸಿಕ್ಕರೆ ಹಿಸುಕಬಾರದು. ಉಣ್ಣಿ ತೆಗೆಯುವ ಪುಟ್ಟ ಕೊಕ್ಕೆ ಸಿಗುತ್ತದೆ, ಅದನ್ನು ಚರ್ಮಕ್ಕೆ ತಾಗಿಸಿ ತಿರುಗಿಸಿದರೆ ತಲೆ ಸಮೇತ ಬರುತ್ತದೆ.